ಆಗುಂಬೆ ಘಾಟಿಗೆ ಆಟೋಮ್ಯಾಟಿಕ್ ಕಾರು ಆಗುತ್ತದಾ? ನೆಟ್‌ವರ್ಕ್ ಹೋದರೆ ಮ್ಯಾಪ್ ಕಥೆ ಏನು?

ಕೇಳಿದ್ದು:
ಅಪ್ಪನಿಗೆ 66 ವರ್ಷ. ಮನೆ ಶೃಂಗೇರಿ ಹತ್ತಿರ. ತಿಂಗಳಿಗೆ ಎರಡು ಸಲ ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗಬೇಕು. ಎಡ ಮೊಣಕಾಲು ನೋವು, ಕ್ಲಚ್ ತುಳಿಯಲು ಆಗುತ್ತಿಲ್ಲ. ಎಎಂಟಿ ಸಾಕಾ, ಬೇರೆ ಆಟೋಮ್ಯಾಟಿಕ್ ಬೇಕಾ? ಘಾಟಿಯಲ್ಲಿ ನೆಟ್‌ವರ್ಕ್ ಇರಲ್ಲ, ಆಗ ಮ್ಯಾಪ್ ನಡೆಯುತ್ತದಾ? ಮಳೆಗಾಲದಲ್ಲಿ ಮನೆಯ ಡಿಶ್ ಬೇರೆ ಕೈಕೊಡುತ್ತದೆ. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಆರು ವರ್ಷದಿಂದ ಎಎಂಟಿ ಓಡಿಸುತ್ತಿದ್ದೇನೆ, ಹೆಚ್ಚುಕಮ್ಮಿ ಪ್ರತಿ ವಾರ ಆಗುಂಬೆ. ಕಾರು ಆಗುತ್ತದೆ. ಆದರೆ ಅದರೊಳಗೆ ಏನಿದೆ ಅಂತ ತಿಳಿದು ಓಡಿಸಬೇಕು. ಎಎಂಟಿ ಅಂದರೆ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟೂ ಅದೇ. ನಮ್ಮ ಎಡಗಾಲು ಮಾಡುತ್ತಿದ್ದ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನಲ್ಲಿ ಬಂದ ಮೇಲೆ ಕಡಿಮೆ ಬೆಲೆಯ ಕಾರುಗಳಿಗೂ ಇದು ಬಂತು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಹತ್ತುವಾಗ ತಿರುವಿನಲ್ಲಿ ಎದುರು ಮಿನಿ ಬಸ್ಸು ಬಂತು ಅಂದರೆ, ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಕಾರನ್ನು ಏರಿನಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಕಾರು ಹಿಂದೆ ಜಾರುತ್ತಿರಲಿಲ್ಲ, ನನಗೂ ಖುಷಿ. ಒಳಗೆ ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಸವೆಯುತ್ತಿತ್ತು. 38,000 ಕಿಲೋಮೀಟರಿಗೇ ಬದಲಾಯಿಸಬೇಕಾಯಿತು. ಮೆಕ್ಯಾನಿಕ್ ಹಳೇ ಪ್ಲೇಟ್ ತಂದು ಕೈಗೆ ಕೊಟ್ಟ. ನೀಲಿ ಬಣ್ಣಕ್ಕೆ ತಿರುಗಿತ್ತು. ಹಾಗಾಗಿ ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕಿಂದ ಕಾಲು ತೆಗೆದರೂ ಸ್ವಲ್ಪ ಹೊತ್ತು ಕಾರು ಹಿಂದೆ ಜಾರದ ಹಾಗೆ ಹಿಡಿಯುವ ವ್ಯವಸ್ಥೆ) ಇರುವ ಮಾಡೆಲ್ಲೇ ತಗೊಳ್ಳಿ. ನಿಂತರೆ ಬ್ರೇಕಿನ ಮೇಲೇ ನಿಲ್ಲಿ.

ಇನ್ನೊಂದು, ಇದು ಹತ್ತುವುದಕ್ಕಿಂತ ಮುಖ್ಯ: ಇಳಿಯುವುದು. ಆಗುಂಬೆಯ 14 ತಿರುವನ್ನೂ ಮೊದಲ ಸಲ ಡಿ ಮೋಡಲ್ಲೇ (ಗೇರನ್ನು ಕಾರೇ ಆರಿಸಿಕೊಳ್ಳುವ ಮೋಡ್) ಇಳಿದೆ. ಕಾಲು ಆಕ್ಸಿಲರೇಟರಿಂದ ತೆಗೆದರೆ ಗೇರ್‌ಬಾಕ್ಸಿಗೆ ಅನಿಸುವುದು 'ಓಹೋ, ಆರಾಮಾಗಿ ಹೋಗುತ್ತಿದ್ದಾನೆ' ಅಂತ. ಮೇಲಿನ ಗೇರಿಗೆ ಹಾಕುತ್ತದೆ. ಎಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸೋಮೇಶ್ವರ ಬರುವಷ್ಟರಲ್ಲಿ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿತ್ತು. ಹಿಂದಿನ ಸೀಟಲ್ಲಿ ಅತ್ತೆ ಹಲಸಿನ ಹಣ್ಣು ಹಿಡಿದು ಕೂತಿದ್ದರು, ಹಣ್ಣು ಕೊಳೆತಿದೆಯೇನೋ ಅಂತ ಮೂಸಿ ನೋಡಿದರು!

ಈಗ ಸೂರ್ಯಾಸ್ತ ನೋಡುವ ಜಾಗ ಬಂದಕೂಡಲೇ ಲಿವರನ್ನು 'ಎಂ'ಗೆ (ಮ್ಯಾನುವಲ್, ಗೇರನ್ನು ನಾವೇ ಆರಿಸುವ ಮೋಡ್) ತಳ್ಳಿ ಎರಡನೇ ಗೇರಿಗೆ ಹಾಕುತ್ತೇನೆ. ತಿರುವಿನಲ್ಲಿ ಒಂದನೇ ಗೇರು. ಎಂಜಿನ್ ಗುರ್ ಅನ್ನುತ್ತದೆ, ಅನ್ನಲಿ. ಯಾವ ಆಟೋಮ್ಯಾಟಿಕ್ಕಾದರೂ ಸರಿ, ಅಪ್ಪನಿಗೆ ಇದೊಂದನ್ನು ಕಲಿಸಿಕೊಡಿ.

ಉಡುಪಿಯಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ 66 ವರ್ಷದವರಿಗೆ ಎಎಂಟಿಯ ಆ ತಲೆ ಅಲ್ಲಾಡಿಸುವ ಜರ್ಕ್ ಬೇಕಾ? ದುಡ್ಡು ಹೊಂದುವುದಾದರೆ ಟಾರ್ಕ್ ಕನ್ವರ್ಟರ್ ತಗೊಳ್ಳಿ. ಅದರಲ್ಲಿ ಹೊರಡುವಾಗ ಪ್ಲೇಟಿಗೆ ಪ್ಲೇಟು ಉಜ್ಜುವುದಿಲ್ಲ, ಎಣ್ಣೆಯ ಮೂಲಕ ಶಕ್ತಿ ದಾಟುತ್ತದೆ. ಏರಿನಲ್ಲಿ ಇರುವೆ ಥರ ನಿಧಾನಕ್ಕೆ ಹೋದರೂ ತಡೆದುಕೊಳ್ಳುತ್ತದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯಬಹುದು. ನನ್ನದು ಸಿವಿಟಿ. ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಸ್ಟೀಲ್ ಬೆಲ್ಟ್. ಬೆಣ್ಣೆ ಹಾಗೆ ಹೋಗುತ್ತದೆ, ಆದರೆ ಏರಿನಲ್ಲಿ ಜೋರಾಗಿ ಒತ್ತಿದರೆ ಸದ್ದು ಮೊದಲು, ವೇಗ ಆಮೇಲೆ. ಇಳಿಯುವಾಗ 'ಎಲ್‌'ಗೆ (ಲೋ, ಎಂಜಿನ್ ಹಿಡಿತ ಹೆಚ್ಚು ಸಿಗುವ ಮೋಡ್) ಹಾಕುತ್ತೇನೆ.

ಮೂಡಿಗೆರೆಯಿಂದ:
ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ತಗೊಳ್ಳುವುದಾದರೆ ಡ್ರೈ ಕ್ಲಚ್ಚಾ, ಎಣ್ಣೆಯಲ್ಲಿ ತಂಪಾಗುವ ವೆಟ್ ಕ್ಲಚ್ಚಾ ಕೇಳಿ. ನನ್ನದು ಡ್ರೈ. ಚಾರ್ಮಾಡಿಯಲ್ಲಿ ಮರ ಬಿದ್ದು ಒಂದೂವರೆ ಗಂಟೆ ಏರಿನಲ್ಲಿ ತೆವಳಿದ ದಿನ, ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಮಳೆ ನೋಡಿದೆ.

ಹಾಸನದಿಂದ:
ಕಾರಿನ ವಿಷಯ ಮುಗಿಯಿತು ಅನಿಸುತ್ತದೆ, ನಾನು ಆಕಾಶದ ಮೇಲಿನದಕ್ಕೆ, ಅಂದರೆ ಸ್ಯಾಟಲೈಟಿಗೆ ಬರುತ್ತೇನೆ. 18 ವರ್ಷ ಡಿಶ್ ಕೂರಿಸಿದ್ದೇನೆ.

ಮ್ಯಾಪ್ ನಡೆಯುತ್ತದೆ. ದಾರಿ ಹುಡುಕುವಾಗ ಮೊಬೈಲ್ ಜಿಪಿಎಸ್ ಸ್ಯಾಟಲೈಟಿಗೆ ಏನನ್ನೂ ಕಳಿಸುವುದಿಲ್ಲ, ರೇಡಿಯೊ ಥರ ಸುಮ್ನೆ ಕೇಳಿಸಿಕೊಳ್ಳುತ್ತದೆ. 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹಾಕುವ ಒಂದೊಂದು ಸ್ಯಾಟಲೈಟೂ 'ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು' ಅಂತ ಹೇಳುತ್ತಲೇ ಇರುತ್ತದೆ. ನಾಲ್ಕರ ಮಾತು ಕೇಳಿದರೆ ಮೊಬೈಲಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸ. ಅದಕ್ಕೇ ಅದರಲ್ಲಿ ಪರಮಾಣು ಗಡಿಯಾರ ಇಟ್ಟಿರುತ್ತಾರೆ.

ಆದರೆ ಸ್ಯಾಟಲೈಟ್ ಕೊಡುವುದು ಜಾಗದ ಲೆಕ್ಕ ಮಾತ್ರ. ರಸ್ತೆಯ ಚಿತ್ರ ಬರುವುದು ಇಂಟರ್ನೆಟ್ಟಿಂದ. ಅದಕ್ಕೆ ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಹೊರಡುವ ಮೊದಲೇ ಮ್ಯಾಪ್ ತೆರೆದಿಡಿ. ನೆಟ್‌ವರ್ಕ್ ಇದ್ದರೆ ಯಾವ ಸ್ಯಾಟಲೈಟ್ ಎಲ್ಲಿದೆ ಅನ್ನುವ ಮಾಹಿತಿ ತಕ್ಷಣ ಸಿಗುತ್ತದೆ. ಇಲ್ಲದಿದ್ದರೆ ಸ್ಯಾಟಲೈಟಿನಿಂದಲೇ ಸೆಕೆಂಡಿಗೆ ಬರೀ 50 ಬಿಟ್ ಲೆಕ್ಕದಲ್ಲಿ ಬರಬೇಕು. ಬೆಟ್ಟ ಅಡ್ಡ ಬಂದು ಮಧ್ಯೆ ಕಡಿದರೆ ಮತ್ತೆ ಮೊದಲಿಂದ. ಜನ 'ಜಿಪಿಎಸ್ ಸತ್ತಿದೆ' ಅನ್ನುವುದು ಬಹಳ ಸಲ ಇದಕ್ಕೇ.

ಡಿಶ್ ಲೆಕ್ಕ ಬೇರೆ. ಟಿವಿ ಸ್ಯಾಟಲೈಟ್ ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ. ಭೂಮಿಯೂ ಅಷ್ಟರಲ್ಲೇ ಒಂದು ಸುತ್ತು ತಿರುಗುವುದರಿಂದ ನಮಗೆ ಅದು ನಿಂತ ಹಾಗೇ. ನಿಂತಲ್ಲೇ ನಿಲ್ಲಿಸುವುದಕ್ಕೂ ಆಗಾಗ ಸ್ವಲ್ಪ ತಳ್ಳಬೇಕು. ಇಸ್ರೋದವರು ಆ ಕೆಲಸವನ್ನು ನಮ್ಮ ಹಾಸನದಿಂದ 1982ರಿಂದಲೂ ಮಾಡುತ್ತಿದ್ದಾರೆ (ಹೇಳಿಕೊಳ್ಳದೆ ಇರಲು ಆಗಲ್ಲ, ಕ್ಷಮಿಸಿ).

ಡಿಶ್ಶಿಗೆ ಬರುವ ಅಲೆ ಬರೀ ಎರಡೂವರೆ ಸೆಂಟಿಮೀಟರ್ ಉದ್ದದ್ದು. ದಪ್ಪ ಹನಿಗಳು ಅದನ್ನು ನುಂಗಿ ಚದುರಿಸುತ್ತವೆ. ಆರಿದ್ರಾ ಮಳೆ ಹಿಡಿದರೆ ಯಾವ ಕಂಪನಿಯದ್ದಾದರೂ ಸ್ವಲ್ಪ ಹೊತ್ತು ಹೋಗುವುದೇ. ದೊಡ್ಡ ಡಿಶ್ ಹಾಕಿದರೆ ಆ ಹೊತ್ತು ಕಡಿಮೆಯಾಗುತ್ತದೆ.

ಜಡಿಮಳೆ ನಿಂತ ಮೇಲೂ ಬರದಿದ್ದರೆ ಕಾರಣ ಬೇರೆ. ಕೊಪ್ಪದ ಕಡೆ ಒಂದು ಮನೆಯವರು ಪ್ರತಿ ಜೂನಿನಲ್ಲೂ ಕರೆಸುತ್ತಿದ್ದರು. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ. ಮೂರನೇ ವರ್ಷ ಡಿಶ್ ಹಿಂದೆ ಕೂತು ಅದು ನೋಡುವ ಕಡೆಗೇ ನೋಡಿದೆ. ಆಗ್ನೇಯಕ್ಕೆ ಸರಿಯಾಗಿ ಅಡಕೆ ಮರದ ಸೋಗೆ! ಡಿಶ್ ಕೂರಿಸಿದಾಗ ಅದು ಸೊಂಟದೆತ್ತರದ ಸಸಿ. ಬೇಸಿಗೆಯಲ್ಲಿ ಒಣ ಸೋಗೆಯ ಸಂದಿಯಿಂದ ಹೇಗೋ ಬರುತ್ತಿತ್ತು, ನೆನೆದರೆ ಬಂದ್. ಮರ ಕಡಿಯಲು ಯಜಮಾನರು ಒಪ್ಪಲಿಲ್ಲ, ಡಿಶ್ಶನ್ನೇ ಕೊಟ್ಟಿಗೆ ಮೇಲೆ ಹಾಕಿದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಟಾರ್ಕ್ ಕನ್ವರ್ಟರ್ ಕಾರು ಓಡಿಸಿ ನೋಡಿದೆವು. ಅಪ್ಪನ ಎಡಗಾಲು ಇಲ್ಲದ ಕ್ಲಚ್ ಹುಡುಕಿಕೊಂಡು ಹೋಗಿ ಎರಡು ಸಲ ಬ್ರೇಕ್ ತುಳಿಯಿತು, ಸೇಲ್ಸ್ ಹುಡುಗ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಮನೆಗೆ ಬಂದು ಡಿಶ್ ಹಿಂದೆ ನಿಂತು ನೋಡಿದೆ. ನಮ್ಮಲ್ಲಿ ಅಡಕೆ ಅಲ್ಲ, ಹಲಸು.