‘ತಂಗು ಬಿಗಿ’: ಇಲ್ಲಿ ತಂಗು ಅಂದರೇನು?

ಪ್ರಶ್ನೆ:
ತುಮಕೂರು ಕಡೆಯ ಉತ್ಸವ, ಮದುವೆ ಮೆರವಣಿಗೆಗಳಲ್ಲಿ ಕುದುರೆ ಸಿಂಗರಿಸುವ ಬಗೆಗಿನ ಲೇಖನವೊಂದರ ಕರಡು ತಿದ್ದುತ್ತಿದ್ದೇನೆ. ‘ಜೂಲ ಹೊದಿಸಿ, ಜೀನು ಇಟ್ಟು, ತಂಗು ಬಿಗಿದು, ಹತ್ತು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು’ ಎಂದಿದೆ. ನನಗೆ ಗೊತ್ತಿರುವುದು ತಂಗುದಾಣದ ತಂಗು. ಅಚ್ಚಿನ ತಪ್ಪೇ? ಜೂಲ ‘ಜೂಲು’ ಆಗಬೇಕೆ? ಒಂದೆಡೆ ‘ಸವಾರ ಕಡಿವಾಣ ಹಿಡಿದು’, ಇನ್ನೊಂದೆಡೆ ‘ಲಗಾಮು ಹಿಡಿದು’ ಎಂದಿದೆ. ಒಂದನ್ನೇ ಉಳಿಸಬಹುದೆ?

ಉತ್ತರ:
ತಂಗು ತಿದ್ದಬೇಡಿ. ಇದು ಪಾರಸಿಯ ‘ತಂಗ್’. ಬಿಗಿ, ಇಕ್ಕಟ್ಟು ಎಂಬುದು ಅದರ ಅರ್ಥ. ಜೀನನ್ನು, ಅಂದರೆ ಸವಾರ ಕೂರುವ ಆಸನವನ್ನು, ಬಿಗಿಯುವ ಹೊಟ್ಟೆಪಟ್ಟಿಗೂ ಅದೇ ಹೆಸರು. ನಮ್ಮ ತಂಗುವುದಕ್ಕೂ ಇದಕ್ಕೂ ನಂಟಿಲ್ಲ. ಜೀನು, ಲಗಾಮು, ಸವಾರ ಎಲ್ಲ ಅದೇ ದಾರಿಯಲ್ಲಿ ಬಂದವು. 1687ರಲ್ಲಿ ಮೊಘಲರ ಕೈಸೇರಿ ಸುಬೆಯ (ಪ್ರಾಂತ್ಯದ) ಕೇಂದ್ರವಾದ ಶಿರಾ ಇದೇ ಜಿಲ್ಲೆಯದು, ಟಿಪ್ಪು ಕುದುರೆ ಸಾಕಿಸಿದ ಕುಣಿಗಲ್ಲೂ ಇಲ್ಲಿಯದೇ. ಲಾಯದ ಮಾತು ಪಾರಸಿಯಾಗದೆ ಇನ್ನೇನಾದೀತು!

‘ಮತ್ತೆ ಬಿಗಿಯಬೇಕು’ ಎಂಬುದನ್ನು ಪುನರುಕ್ತಿ ಎಂದು ಹೊಡೆದುಹಾಕೀರಿ, ಜೋಕೆ. ತಂಗು ಎಳೆಯುವಾಗ ಎಷ್ಟೋ ಕುದುರೆಗಳು ಉಸಿರು ತುಂಬಿಕೊಂಡು ಎದೆ ಉಬ್ಬಿಸುತ್ತವೆ. ನಾಲ್ಕು ಹೆಜ್ಜೆ ನಡೆದರೆ ಉಸಿರು ಇಳಿದು ಪಟ್ಟಿ ಜೋಲುತ್ತದೆ. ಆಗ ರಿಕಾಪಿಗೆ (ಜೀನಿನಿಂದ ಇಳಿಬಿಟ್ಟ ಕಾಲಬಳೆಗೆ) ಕಾಲಿಟ್ಟರೆ ಜೀನು ಸವಾರನ ಸಮೇತ ಪಕ್ಕಕ್ಕೆ ಹೊರಳುತ್ತದೆ. ಪಟ್ಟಿ ಇರಬೇಕಾದದ್ದು ಮುಂಗಾಲಿನ ಸಂದಿನಿಂದ ನಾಲ್ಕು ಬೆರಳು ಹಿಂದೆ, ಒಳಗೆ ಎರಡು ಬೆರಳು ತೂರುವಷ್ಟು ಬಿಗಿ. ಬಿಗಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಎಳೆದು ಬಿಡುತ್ತಾರೆ. ಇಲ್ಲದಿದ್ದರೆ ಚರ್ಮದ ಮಡಿಕೆ ಪಟ್ಟಿಗೆ ಸಿಕ್ಕಿ ಹುಣ್ಣಾಗುತ್ತದೆ.

ಲೇಖನದಲ್ಲಿ ತಪ್ಪಿರುವುದು ಬೇರೆ ಕಡೆ. ಜೂಲ ಎಂದರೆ ಮೈಮೇಲೆ ಹೊದಿಸುವ ಅಲಂಕಾರದ ಬಟ್ಟೆ, ಎತ್ತಿಗೂ ಹಾಕುವಂಥದ್ದು. (ಜೂಲು ಜೋತುಬಿದ್ದ ಕೂದಲು, ಬೆರೆಸಬೇಡಿ.) ಮಖಮಲ್ಲಿನ ಜೂಲವನ್ನು ಬರಿ ಬೆನ್ನಿಗೆ ಹಾಕಿ ಜೀನಿಟ್ಟರೆ ತಂಗು ಎಷ್ಟು ಬಿಗಿದರೂ ಜಾರುತ್ತದೆ, ಜರಿ ಬೆನ್ನನ್ನು ಕೆರೆಯುತ್ತದೆ. ಮೊದಲು ಮಡಚಿದ ಉಣ್ಣೆ ಕಂಬಳಿ ಬರಬೇಕು. ಅದನ್ನು ಕತ್ತಿನ ಬುಡದಲ್ಲಿಟ್ಟು ಹಿಂದಕ್ಕೆ ಎಳೆದರೆ ಮೈಗೂದಲು ಮಲಗುತ್ತದೆ. ಹೆಚ್ಚು ಎಳೆದಿದ್ದರೆ ಮುಂದಕ್ಕೆ ತಳ್ಳದೆ, ಎತ್ತಿ ಮತ್ತೆ ಹಾಕುವುದು. ಲೇಖಕರನ್ನು ಕೇಳಿ ಕಂಬಳಿ ಸೇರಿಸಿ.

ಕಡಿವಾಣ ಬಾಯೊಳಗಿನ ಕಬ್ಬಿಣ, ಮುಂಹಲ್ಲಿಗೂ ದವಡೆಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಕೂರುವಂಥದ್ದು. ಕೈಯಲ್ಲಿ ಹಿಡಿಯುವ ಪಟ್ಟಿಗೆ ಹಳೆಯ ಹೆಸರು ವಾಘೆ, ಈಗ ಲಗಾಮು. ‘ಕಡಿವಾಣ ಹಾಕು’, ‘ಲಗಾಮು ಹಾಕು’ ಎರಡೂ ನಡೆಯುತ್ತವೆ. ಕುದುರೆ ಮೇಲೆ ಕೂತವನು ‘ಕಡಿವಾಣ ಹಿಡಿದ’ ಎಂದರೆ ಕೈಯನ್ನು ಕುದುರೆ ಬಾಯೊಳಗೇ ಇಟ್ಟಂತೆ. ಅದನ್ನು ಮಾತ್ರ ತಿದ್ದಿ.

ಚಿಂತಾಮಣಿಯಿಂದ ಸೇರ್ಪಡೆ:
ಕಡಿವಾಣಕ್ಕೆ ತಮಿಳಿನಲ್ಲಿ ಕಡಿವಾಳಂ, ತೆಲುಗಿನಲ್ಲಿ ಕಳ್ಳೆಂ. ಮೂರೂ ಭಾಷೆ ಓಡಾಡುವ ನಮ್ಮ ಸೀಮೆಯ ಬರಹಗಳಲ್ಲಿ ಈ ರೂಪಗಳು ಇಣುಕಿದರೆ ಗಾಬರಿಯಾಗಬೇಡಿ. ರಿಕಾಪಿಗೆ ಹಳಗನ್ನಡದ ಅಂಕವಣಿ ಇದೆ. ತೆಲುಗಿನ ಅಂಕವನ್ನೆ, ತಮಿಳಿನ ಅಂಗವಡಿ ಅದರ ನೆಂಟರು. ಜೀನಿಗೂ ಹಲ್ಲಣ ಇದೆ. ಆದರೆ ಮೆರವಣಿಗೆಯ ಲೇಖನಕ್ಕೆ ಅಂಕವಣಿ ತುರುಕಿದರೆ ಕುದುರೆಯವನಿಗೇ ಅರ್ಥವಾಗದು.

ಕರಡಿನಲ್ಲಿ ‘ದುಮ್ಚಿ’ ಬಂದರೆ ಅದನ್ನೂ ಉಳಿಸಿ. ಪಾರಸಿಯಲ್ಲಿ ದುಮ್ ಎಂದರೆ ಬಾಲ. ಜೀನಿನ ಹಿಂಬದಿಯಿಂದ ಬಾಲದ ಬುಡ ಸುತ್ತಿ ಬರುವ ಪಟ್ಟಿ ಅದು. ದುಂಡು ಬೆನ್ನಿನ ತಟ್ಟುವಿನ (ಗಿಡ್ಡ ಕುದುರೆಯ) ಜೀನು ಇಳಿಜಾರಿನಲ್ಲಿ ಕತ್ತಿನತ್ತ ಜಾರದಂತೆ ಹಿಡಿಯುತ್ತದೆ. ತೊಡಿಸುವಾಗ ಬಾಲದ ಒಂದು ಕೂದಲೂ ಅಡಿಯಲ್ಲಿ ಸಿಕ್ಕಿರಬಾರದು; ಸಿಕ್ಕಿದರೆ ತಮಟೆ ಶುರುವಾಗುವ ಮೊದಲೇ ಒದೆ ಶುರು. ‘ಬಾಲಪಟ್ಟಿ’ ಎಂದು ಕಂಸದಲ್ಲಿ ಒಮ್ಮೆ ಬರೆದರೆ ಸಾಕು.