ಮಳೆಗಾಲದಲ್ಲಿ ಹಳೆಯ ವಿಡಿಯೋ ಗೇಮ್‌ಗಳ ಜೋಪಾನ: ಶಿವಮೊಗ್ಗ ಸಂಗ್ರಾಹಕರ ಬಳಗದ ಪ್ರಶ್ನೋತ್ತರ

ಸಾಗರದ ಸದಸ್ಯರು: ಸರ್, ತೊಂಬತ್ತರ ದಶಕದಲ್ಲಿ ಕೊಂಡ ಟಿವಿ ಗೇಮಿನ ಕ್ಯಾಸೆಟ್ ಓದುತ್ತಿಲ್ಲ. ಊದಿ ಹಾಕಿದರೆ ಒಮ್ಮೊಮ್ಮೆ ಓದುತ್ತದೆ.

ರಿಪೇರಿಯವರು: ದಯವಿಟ್ಟು ಊದಬೇಡಿ, ಉಸಿರಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ತಾಗಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ತೀರ್ಥಹಳ್ಳಿಯ ಸದಸ್ಯರು: ನಮ್ಮ ಸೋದರಮಾವ ಮುಂಬೈಯಿಂದ ತಂದುಕೊಟ್ಟ ಸೆಗಾ ಗೇಮ್ ಗೇರ್ ಎಂಬ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಅಟ್ಟದಲ್ಲಿತ್ತು. ಈಗ ಚಿತ್ರ ಮಸುಕಾಗಿದೆ, ಧ್ವನಿ ಪೂರ್ತಿ ಏರಿಸಿದರೂ ಕ್ಷೀಣವಾಗಿದೆ, ಬಿಸಿಯಾದಾಗ ಮೀನಿನ ವಾಸನೆ ಬರುತ್ತದೆ. ಮಳೆಗಾಲದ ತೇವವೇ ಕಾರಣವೇ?

ರಿಪೇರಿಯವರು: ಇನ್ನು ಅದನ್ನು ಆನ್ ಮಾಡಬೇಡಿ. 1990ರಲ್ಲಿ ಬಂದ ಈ ಯಂತ್ರದ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ, ಒಳಗೆ ದ್ರವವಿರುವ ಬಿಡಿಭಾಗಗಳು) ವಯಸ್ಸಾದಂತೆ ಸೋರುತ್ತವೆ. ಆ ವಾಸನೆ ಸೋರಿದ ದ್ರವದ್ದು. ತೇವವು ಮೂಲ ಕಾರಣವಲ್ಲ, ಆದರೆ ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಿರುವಾಗ ನಮ್ಮ ಆಷಾಢದ ಗಾಳಿ ಆ ಕೆಲಸವನ್ನು ಬೇಗ ಮುಗಿಸುತ್ತದೆ. ಒಳಗೆ ಮುಖ್ಯ, ಧ್ವನಿ, ವಿದ್ಯುತ್ ಎಂದು ಮೂರು ಬೋರ್ಡುಗಳಿವೆ. ಮೂರರಲ್ಲೂ ಕೆಪಾಸಿಟರ್ ತೆಗೆದು, ಕಲೆಯನ್ನು ಆಲ್ಕೋಹಾಲಿನಲ್ಲಿ ತೊಳೆದು, ಅದೇ ಅಳತೆಯ ಹೊಸ ಕೆಪಾಸಿಟರ್‌ಗಳನ್ನು ಧನ–ಋಣ ತಪ್ಪದಂತೆ ಬೆಸೆಯಬೇಕು. ದ್ರವ ತಿಂದ ಜಾಗದಲ್ಲಿ ಅನುಭವವಿಲ್ಲದವರು ಕಾಯಿಸಿ ಎಳೆದರೆ ತಾಮ್ರವೂ ಎದ್ದು ಬರುತ್ತದೆ. ನೀವು ಮೊದಲ ಬಾರಿಗೆ ಬೆಸುಗೆ ಕಲಿಯಲು ಇದನ್ನು ಬಳಸಬೇಡಿ. ಆರೂ ಪೆನ್ಸಿಲ್ ಸೆಲ್‌ಗಳನ್ನು ಇಂದೇ ತೆಗೆದಿಡಿ.

ಹೊಸನಗರದ ಸದಸ್ಯರು: ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟು, ಪಿನ್ನಿಗೆ ಕೊಬ್ಬರಿ ಎಣ್ಣೆ ಸವರಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಇನ್ನೊಂದು ಗುಂಪಿನಲ್ಲಿ ಬಂದಿದೆ.

ರಿಪೇರಿಯವರು: ಸೋರಿದ ಕೆಪಾಸಿಟರನ್ನು ಅಕ್ಕಿ ವಾಸಿಮಾಡುವುದಿಲ್ಲ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಯಾರೋ ಕಳಿಸಿದ್ದನ್ನು ಪರೀಕ್ಷಿಸದೆ ಇಲ್ಲಿ ಹಾಕಬೇಡಿ, ಕಳೆದ ಮಳೆಗಾಲದಲ್ಲೂ ಇದನ್ನೇ ಹೇಳಿದ್ದೆ. ಗಾಳಿಯಾಡದ ಡಬ್ಬಿ, ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್, ಇಷ್ಟು ಸಾಕು.

ಭದ್ರಾವತಿಯ ಸದಸ್ಯರು: ನನ್ನ ಕ್ಯಾಸೆಟ್ ಕೂಡ ಓದುತ್ತಿಲ್ಲ ಸರ್.

ರಿಪೇರಿಯವರು: ಮೇಲೆ ಬರೆದಿದ್ದೇನೆ.

ಕೊಪ್ಪದ ಸದಸ್ಯರು: ಹಳದಿಯಾದ ಕವಚವನ್ನು ಬಿಳಿ ಮಾಡುವುದು ಹೇಗೆ?

ಶಿಕಾರಿಪುರದ ಸದಸ್ಯರು: ಅದಿರಲಿ, ಇಲ್ಲಿ ಹೆಚ್ಚಿನವು ನಕಲಿ ಯಂತ್ರಗಳು. ಜಪಾನಿನ ನಿಂಟೆಂಡೊ ಕಂಪನಿಯ 1983ರ ಅಸಲಿ ಟಿವಿ ಗೇಮ್ ಯಂತ್ರ ಫ್ಯಾಮಿಕಾಂ ಇದ್ದರೆ ಮಾತ್ರ ಸಂಗ್ರಹ ಎನ್ನಬಹುದು.

ಸಾಗರದ ಸದಸ್ಯರು: ನಮ್ಮೂರ ಮಕ್ಕಳು ಬೇಸಿಗೆ ರಜೆಯಲ್ಲಿ ಆಡಿದ್ದು ಆ ನಕಲಿಗಳನ್ನೇ. ಅವನ್ನು ಬಿಟ್ಟರೆ ನಾವು ಉಳಿಸುವುದು ಜಪಾನಿನ ನೆನಪನ್ನು, ನಮ್ಮದನ್ನಲ್ಲ.

ಶಿಕಾರಿಪುರದ ಸದಸ್ಯರು: ಭಾವನೆಗೆ ಬೆಲೆ ಕಟ್ಟಲು ಬಾರದು ಸ್ವಾಮಿ, ಮೊದಲು ಕಲಿತು ಬನ್ನಿ.

ಸಾಗರದ ಸದಸ್ಯರು: ಕಲಿಸುವಷ್ಟು ತಿಳಿದವರು ಹೀಗೆ ಮಾತಾಡುವುದಿಲ್ಲ.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಅಸಲಿ ಫ್ಯಾಮಿಕಾಂ ಇರುವವರು ಗಮನಿಸಿ: ಅದರ ಅಡಾಪ್ಟರ್ ಜಪಾನಿನ 100 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಡುತ್ತದೆ. ತೀರ್ಥಹಳ್ಳಿಯವರೇ, ಸೆಲ್ ತೆಗೆದಿರಾ?

ತೀರ್ಥಹಳ್ಳಿಯ ಸದಸ್ಯರು: ತೆಗೆದೆ ಸರ್. ಒಂದರ ತಳದಲ್ಲಿ ಬಿಳಿ ಪುಡಿ ಇದೆ.

ರಿಪೇರಿಯವರು: ಅದು ಆಲ್ಕಲೈನ್ ಸೆಲ್ಲಾಗಿದ್ದರೆ ಕೈಗವಸು ಹಾಕಿ, ಲೋಹದ ಪಟ್ಟಿಯನ್ನು ಮಾತ್ರ ಬಿಳಿ ವಿನೆಗರ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ. ಯಂತ್ರವನ್ನು ಬಿಚ್ಚಬೇಡಿ, ಹಾಗೆಯೇ ತನ್ನಿ.