ಮಿಲಾಗ್ರೋ ಬೀನ್‌ಫೀಲ್ಡ್ ವಾರ್: ಪಕ್ಕದಲ್ಲೇ ಹರಿಯೋ ನೀರು ಹೊಲಕ್ಕೆ ಬಿಟ್ಕೊಂಡ್ರೆ ಅದು ಕಳ್ತನ ಹೆಂಗಾಗುತ್ತೆ?

ಬಯಲುಸೀಮೆ_ಹುಡ್ಗ
ರಾಬರ್ಟ್ ರೆಡ್‌ಫೋರ್ಡ್ ಡೈರೆಕ್ಟ್ ಮಾಡಿರೋ 1988ರ ಸಿನಿಮಾ, ಈಗ ನೋಡ್ದೆ. ನ್ಯೂ ಮೆಕ್ಸಿಕೋದ ಗುಡ್ಡದ ಮೇಲೊಂದು ಚಿಕ್ಕ ಊರು, ಹೆಚ್ಚುಕಮ್ಮಿ ಎಲ್ರೂ ಸ್ಪ್ಯಾನಿಷ್ ಮಾತಾಡೋ ಬಡ ರೈತರು, ಅಲ್ಲಿ ಲ್ಯಾಡ್ ಡಿವೈನ್ ಅನ್ನೋ ಡೆವಲಪರ್ ರೆಸಾರ್ಟ್ ಮಾಡಕ್ಕೆ ಕೂತವ್ನೆ. ಕೆಲಸ ಸಿಗದೆ ಸಿಟ್ಟಲ್ಲಿರೋ ಜೋ ಮಾಂಡ್ರಗಾನ್ ಕಾಲುವೆ ತೂಬಿಗೆ ಒದೀತಾನೆ, ನೀರು ಅವರಪ್ಪನ ಒಣ ಹೊಲಕ್ಕೆ ನುಗ್ಗುತ್ತೆ, ಆಗಿದ್ದಾಗ್ಲಿ ಅಂತ ಅಲ್ಲೇ ಬೀನ್ಸ್ ಹಾಕ್ತಾನೆ. ಇಷ್ಟಕ್ಕೇ ರಾಜಧಾನೀಲಿ ಮೀಟಿಂಗು, ಕ್ರಿಸ್ಟೋಫರ್ ವಾಕನ್ ಮಾಡಿರೋ ತಣ್ಣನೆ ಪೊಲೀಸ್ ಆಫೀಸರ್ ಬರ್ತಾನೆ. ಹೊಲ ಅವ್ನದೇ ತಾನೆ, ಆದ್ರೂ ಕಳ್ತನ ಹೆಂಗೆ? ಕಳ್ತನಾನೇ ಆದ್ರೆ ಮೊದಲನೇ ದಿನಾನೇ ಎತ್ತಾಕ್ಕೊಂಡು ಹೋಗ್ಬೋದಿತ್ತಲ್ಲ, ಅಷ್ಟು ಯಾಕೆ ಎಳೆದ್ರು?

ತೂಬಿನ_ಕೆಳಗೆ
ಗುರೂ, ಅಮೆರಿಕದ ಪಶ್ಚಿಮದ ಕಡೆ ಕಾನೂನೇ ಬೇರೆ. ಅಲ್ಲಿ ಜಮೀನು ನಿಂದಾದ್ರೆ ನೀರೂ ನಿಂದು ಅಂತಿಲ್ಲ, ಯಾರು ಮೊದಲು ಆ ನೀರನ್ನ ಬಳಸಿದ್ರೋ ಅವರ ಹಕ್ಕು ಮೊದಲು, ಆಮೇಲೆ ಆ ಹಕ್ಕನ್ನ ಜಮೀನಿಂದ ಬೇರೆ ಮಾಡಿ ಮಾರ್ಕೊಳ್ಳೋಕೂ ಆಗುತ್ತೆ, ವರ್ಷಗಟ್ಟಲೆ ಬಳಸ್ದೆ ಬಿಟ್ರೆ ಹೋಗ್ಬಿಡೋದೂ ಉಂಟು. ಅದಕ್ಕೇ ಹೊಲದ ದಡದಲ್ಲೇ ಕಾಲುವೆ ಹರಿದ್ರೂ ಜೋ ಕಾನೂನಿನ ಪ್ರಕಾರ ಕಳ್ಳ.

ಆದ್ರೆ ಆ ಊರುಗಳಿಗೆ ಇನ್ನೊಂದು ಹಳೇ ಲೆಕ್ಕ ಇದೆ. ಸ್ಪೇನಿನವರ ಕಾಲದಿಂದ ಬಂದಿರೋ ಅಸೇಕಿಯಾ ಅನ್ನೋ ಊರೊಟ್ಟಿನ ಕಾಲುವೆಗಳು, ಅಂಥವು ನ್ಯೂ ಮೆಕ್ಸಿಕೋದಲ್ಲಿ ಸುಮಾರು 700 ಈಗ್ಲೂ ಇವೆ. ವಸಂತ ಬಂದಾಗ ಎಲ್ಲ ಪಾಲುದಾರರೂ ಸೇರಿ ಹೂಳು ತೆಗೀಬೇಕು, ಯಾರಿಗೆ ಯಾವಾಗ ಎಷ್ಟು ನೀರು ಅಂತ ನೋಡ್ಕೊಳ್ಳೋಕೆ ಮಯೋರ್ದೋಮೋ ಅಂತ ಒಬ್ಬ ಇರ್ತಾನೆ. ಕೋಲಾರದ ಕಡೆ ಕೆರೆಗೆ ನೀರುಗಂಟಿ ಇರ್ತಿದ್ನಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಒಬ್ಬೊಬ್ರೇ ತಮ್ಮ ಪಾಲಿನ ಹಕ್ಕು ಮಾರ್ತಾ ಹೋದ್ರೆ ಉಳಿದವರ ಕಾಲುವೇಲಿ ನೀರು ಸೊರಗುತ್ತೆ, ಹೂಳು ತೆಗೆಯೋ ಕೈಗಳೂ ಕಮ್ಮಿ ಆಗ್ತವೆ. ನೀರು ಬರೋದು ನಿಂತೋದ ಜಮೀನು ತಾನಾಗೇ ಮಾರಾಟಕ್ಕೆ ಬರುತ್ತೆ ಅಷ್ಟೇ, ಡಿವೈನ್ ಯಾರನ್ನೂ ಹೊಡೆದು ಓಡಿಸಬೇಕಾಗೇ ಇಲ್ಲ.

2003ರಲ್ಲಿ ಅಲ್ಲಿ ಕಾನೂನು ತಿದ್ದಿದ್ರು, ಕಾಲುವೆಯ ನೀರಿನ ಹಕ್ಕು ಹೊರಗೆ ಹೋಗುತ್ತೆ ಅಂದ್ರೆ ಅಸೇಕಿಯಾದ ಕಮಿಟಿ ಬೇಡ ಅನ್ನಬಹುದು. ಸಿನಿಮಾ ಬಂದು 15 ವರ್ಷಕ್ಕೆ.

ಅರೆಸ್ಟ್ ಮಾಡದೆ ಇದ್ದಿದ್ದು ಭಯಕ್ಕೆ. ಜೋನ ಒಳಗೆ ಹಾಕಿದ್ರೆ ಅವ್ನು ಹೀರೋ ಆಗ್ತಾನೆ, ಇಲ್ಲೀತನಕ ಬಾಯಿ ಮುಚ್ಕೊಂಡಿದ್ದ ಊರು ಎದ್ದು ನಿಲ್ಲುತ್ತೆ. ಗವರ್ನರ್‌ಗೆ ಅದು ಗೊತ್ತು.

ಸಂತೆಪೇಟೆ_ರಾಜ
ನಂಗೇನೋ ಸಿನಿಮಾ ಜಾಸ್ತಿನೇ ಸಿಹಿ ಅನ್ನಿಸ್ತು ಸ್ವಾಮಿ. ದೇವದೂತನ ಥರದ ಮುದುಕ ಬಂದು ಕುಣಿಯೋದು, ಹಂದಿ ಕಾಮಿಡಿ, ಕೊನೇಲಿ ಊರೋರೆಲ್ಲಾ ಸೇರಿ ಬೀನ್ಸ್ ಕಿತ್ತಿದ್ದೇ ತಡ ಪೊಲೀಸರು ವಾಪಸ್. ನಿಜದಲ್ಲಿ ಹಿಂಗೆ ಒಂದೇ ಬೆಳೆಗೆ ಮುಗಿಯುತ್ತಾ? ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದಲ್ಲಿ ನೋಡಿ, 13 ಹಳ್ಳಿ, 1,777 ಎಕರೆ, 2022ರಲ್ಲಿ ಧರಣಿ ಕೂತೋರು ಸರ್ಕಾರ ಭೂಸ್ವಾಧೀನ ಕೈಬಿಡ್ತೀವಿ ಅಂತ ಹೇಳೋ ಹೊತ್ತಿಗೆ 2025ರ ಜುಲೈ. ಅಲ್ಲಿ ಖಳನಾಯಕ ಅಂತ ಬೆರಳು ತೋರ್ಸೋಕೆ ಡಿವೈನ್ ಥರ ಒಬ್ಬ ಸೂಟು ಹಾಕ್ಕೊಂಡವ್ನೂ ಇರ್ಲಿಲ್ಲ, ಕೆಐಎಡಿಬಿ (ಕೈಗಾರಿಕೆಗೆ ಜಮೀನು ಮಾಡಿಕೊಡೋ ಸರ್ಕಾರಿ ಮಂಡಳಿ) ನೋಟಿಫಿಕೇಷನ್ ಒಂದು ಬಂತು ಅಷ್ಟೇ.

ತೂಬಿನ_ಕೆಳಗೆ
ರಾಜಣ್ಣ, ಕೊನೆ ಸಿಹಿ ಅನ್ನೋದು ಒಪ್ದೆ, ಆದ್ರೆ ನಡುಭಾಗ ಸಿಹಿ ಅಲ್ಲ. ಊರಲ್ಲಿ ಅರ್ಧ ಜನಕ್ಕೆ ಡಿವೈನ್ ಹತ್ರಾನೇ ಕೂಲಿ, ಜೋ ಏನಾದ್ರೂ ಕಿತಾಪತಿ ಮಾಡಿ ನಮ್ ಕೆಲಸ ಕಳೀತಾನೆ ಅಂತ ಅವನ ಮೇಲೇ ಉರ್ಕೋತಾರೆ. ರೂಬಿ (ಸೋನಿಯಾ ಬ್ರಾಗಾ) ಅರ್ಜಿ ಹಿಡ್ಕೊಂಡು ಸಹಿಗೆ ತಿರುಗೋ ಸೀನುಗಳನ್ನ ಇನ್ನೊಂದ್ಸಲ ನೋಡಿ. ಪೊಲೀಸರನ್ನ ಎದುರಿಸೋದಕ್ಕಿಂತ ಅದು ಕಷ್ಟ. ಶೆರಿಫ್ ಆಗಿರೋ ರೂಬೆನ್ ಬ್ಲೇಡ್ಸ್ ಪಾತ್ರಾನೂ ಹಂಗೇ, ಇತ್ತ ಊರು ಅತ್ತ ಸರ್ಕಾರ, ಎರಡೂ ಕಡೆ ಬೈಸ್ಕೊಂಡು ಓಡಾಡ್ತಾನೆ, ನಂಗೆ ಇಡೀ ಸಿನಿಮಾದಲ್ಲಿ ಇಷ್ಟ ಆಗಿದ್ದೇ ಅವ್ನು.

ಕಾಫಿತೋಟ_ಮಂಜ
ಮಾರಾಯ್ರೆ ಒಂದು ತಮಾಷೆ ಯಾರೂ ಹೇಳ್ಲೇ ಇಲ್ಲ. ಶೂಟಿಂಗ್ ಮೊದಲು ಚಿಮಾಯೋ ಅನ್ನೋ ಊರಿನ ಹಳೇ ಚೌಕದಲ್ಲಿ ಮಾಡೋದು ಅಂತಿತ್ತು, ಅಲ್ಲಿನ ಕೆಲವರು ಬೇಡ ಅಂದ್ರು, ಕೊನೆಗೆ ಟ್ರೂಚಸ್‌ಗೆ ಹೋಗಬೇಕಾಯ್ತು. ಹೊರಗಿನೋರನ್ನ ಎದುರಿಸೋ ಊರಿನ ಕಥೆ ಹಿಡ್ಕೊಂಡು ಹೋದ ಹೊರಗಿನೋರಿಗೇ ಊರೋರು ಬಾಗಿಲು ಹಾಕಿದ್ರು! ಡೇವ್ ಗ್ರೂಸಿನ್ ಮ್ಯೂಸಿಕ್ಕಿಗೆ ಆಸ್ಕರ್ ಬಂದಿದೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ.

ಬಯಲುಸೀಮೆ_ಹುಡ್ಗ
ಥ್ಯಾಂಕ್ಸ್ ಎಲ್ರಿಗೂ, ನೀರಿನ ಹಕ್ಕನ್ನ ಬೇರೆಯಾಗಿ ಮಾರ್ಬೋದು ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ. ರಾಜಣ್ಣ, ಆ ಹಂದಿ ಬಗ್ಗೆ ಮಾತ್ರ ಏನೂ ಅನ್ಬೇಡಿ, ನಮ್ಮಮ್ಮ ಅದನ್ನ ನೋಡೋಕೇ ಕೊನೇವರೆಗೂ ಕೂತಿದ್ರು.